ನಾಲ್ಕು ಕುರಿ ಎಂದ ಅಕ್ಕ

ಸವಿತಾ, ಬೀರು, ನಿಮ್ಮ ದೊಡ್ಡಾಯಿಯ ಎಡಭುಜ ಬಲಭುಜಕ್ಕಿಂತ ಮೂರು ಬೆರಳು ಕೆಳಗಿತ್ತು. ಆಗಷ್ಟೇ ಹುಟ್ಟಿದ ಮರಿಗಳನ್ನು ಕಂಬಳಿಯ ಮಡಿಕೆಯಲ್ಲಿ ಹಾಕಿ, ಬದುಕೆಲ್ಲ ಅದೇ ಭುಜಕ್ಕೆ ತೂಗಿಸಿಕೊಂಡು ನಡೆದು ಹಾಗಾಗಿತ್ತು. ಜತ್ತದ ದರ್ಜಿ ಅವಳ ಕುಪ್ಪಸದ ಒಂದು ಭುಜವನ್ನು ಇಳಿಸಿಯೇ ಕತ್ತರಿಸುತ್ತಿದ್ದ. ಗೊತ್ತಿಲ್ಲದವರು ಹೊಲಿದರೆ ಎಡದ ತೋಳು ಜಾರಿ ಮೊಣಕೈಗೆ ಬರುತ್ತಿತ್ತು. ಮನೆಯಲ್ಲಿರುವ ಅವಳ ಫೋಟೋ ನೋಡಿ. ಪಕ್ಕದಲ್ಲಿ ಯಾರೋ ಪಿಸುಗುಟ್ಟಿದ್ದನ್ನು ಬಾಗಿ ಕೇಳುತ್ತಿರುವಂತೆ ಕಾಣುತ್ತಾಳೆ. ಕೇಳುವ ಹೆಣ್ಣಲ್ಲ ಅವಳು. ಭುಜ ಹಾಗಿತ್ತು, ಅಷ್ಟೆ.

ನಿಮಗೆ ದೊಡ್ಡಾಯಿ, ನನಗೆ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಅವಳು ನನ್ನನ್ನು ಸಣ್ಣಾಕಿ ಎನ್ನುತ್ತಿದ್ದಳು. ಮೊದಲು ಅವಳ ಗಂಡ ಹೋದ, ಆಮೇಲೆ ನನ್ನ ಗಂಡ, ನಿಮ್ಮ ಅಜ್ಜ, ಹೋದರು. ಒಂದೇ ಒಲೆಯ ಮುಂದೆ ಇಬ್ಬರೂ ಉಳಿದೆವು. ಗಡಿಯ ಈಚೆ ಮಹಾರಾಷ್ಟ್ರದಲ್ಲಿರುವ ನಿಮ್ಮ ಸಾಲಿ ಮರಾಠಿಯದು. ಆದರೂ ನಿಮಗೆ ಕನ್ನಡ ಓದಲು ಕಲಿಸಿದ್ದೇನಲ್ಲ, ಇದನ್ನು ನೀವು ಓದಬೇಕು ಎಂಬ ಆಸೆಯೂ ಅದರಲ್ಲಿ ಇತ್ತು. ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕುಳಿತರೆ ಪ್ರತಿ ಸಲ ಸಿಟ್ಟು ಬರುತ್ತದೆ. ಅದು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಸಿಟ್ಟಿನಿಂದಲೇ ಬರೆಯುತ್ತೇನೆ.

ಅಕ್ಕ ಹಗೆಯನ್ನು ಮರೆಯುವವಳಲ್ಲ. ಒಮ್ಮೆ ಸಂತೆಯಲ್ಲಿ ಎಣ್ಣೆ ಮಾರುವ ಹೆಂಗಸು ಅವಳಿಗೆ ಕಮಟು ಎಣ್ಣೆ ಕೊಟ್ಟಳು. ಅಕ್ಕ ಜಗಳವಾಡಲಿಲ್ಲ. ಮುಂದಿನ ಸಂತೆಯಿಂದ ಪ್ರತಿ ವಾರ ಆ ಹೆಂಗಸಿನ ಮುಂದೆ ನಿಂತು, ಡಬ್ಬಿಯ ಬಾಯಿಗೆ ಮೂಗು ಹಿಡಿದು, ಮುಖ ಸಿಂಡರಿಸಿ, ಏನೂ ಅನ್ನದೆ ಮುಂದೆ ಹೋಗುತ್ತಿದ್ದಳು. ಇದು ಎಷ್ಟೋ ವರ್ಷ ನಡೆಯಿತು. ಕೊನೆಗೆ ಆ ಹೆಂಗಸು ಸಂತೆಯಲ್ಲಿ ಕೂರುವ ಜಾಗ ಬದಲಿಸಿದಳು. ಅಕ್ಕ ಅಲ್ಲಿಗೂ ಹೋದಳು.

ಕುರಿಗಳ ವಿಷಯದಲ್ಲಿ ಮಾತ್ರ ಅವಳು ಬೇರೆ ಹೆಣ್ಣು. ಸಂಜೆ ಹಿಂಡು ಹಟ್ಟಿಗೆ ಬರುವಾಗ ಸಂದಿಯಲ್ಲಿ ನಿಂತು ಒಂದೊಂದರ ಮುಖ ನೋಡುತ್ತಿದ್ದಳು. ಎಣಿಸುತ್ತಿರಲಿಲ್ಲ. ನಮ್ಮಲ್ಲಿ ಕುರಿಗಳನ್ನು ಎಣಿಸುವುದಿಲ್ಲ, ಎಷ್ಟಿವೆ ಎಂದು ಹೊರಗಿನವರಿಗೆ ಹೇಳುವುದೂ ಇಲ್ಲ. ಎಣಿಸಿದರೆ ಹಿಂಡಿಗೆ ದೃಷ್ಟಿ ತಾಗುತ್ತದೆ ಎಂಬ ಭಯ. ಯಾರಾದರೂ ಕೇಳಿದರೆ ‘ನಾಕ ಅದಾವ’ ಎನ್ನುವುದು ರೂಢಿ. ಕೇಳಿದವನಿಗೂ ಅದು ಗೊತ್ತಿರುತ್ತದೆ. ಆದರೂ ಒಂದು ಕುರಿ ಹಿಂದೆ ಉಳಿದರೆ ಅಕ್ಕನಿಗೆ ತಿಳಿಯುತ್ತಿತ್ತು. “ಕಿವಿ ಹರಕಿ ಬಂದಿಲ್ಲ” ಎಂದು ಕೋಲು ಎತ್ತಿಕೊಂಡು ಹೊರಟುಬಿಡುತ್ತಿದ್ದಳು.

ನಮ್ಮ ವಸ್ತಿಯ ಹಿಂದೆ ಗುಡ್ಡಗಳ ನಡುವಿನ ತಗ್ಗಿನಲ್ಲಿರುವ ಕುರಣ, ಆ ಹುಲ್ಲುಗಾವಲು, ನಿಮಗೆ ಗೊತ್ತು. ಮೃಗಶಿರದಿಂದ ದಸರೆಯವರೆಗೆ ಅಲ್ಲಿ ಹುಲ್ಲು ಇರುತ್ತದೆ. ನಮ್ಮ ಹಿಂಡಷ್ಟೇ ಅಲ್ಲ, ಕುಣಿಕೋಣೂರಿನವರೂ ಅಸಂಗಿ ಕಡೆಯವರೂ ಆ ನಾಲ್ಕು ತಿಂಗಳು ಅಲ್ಲೇ ಹಟ್ಟಿ ಹಾಕುತ್ತಾರೆ. ದಸರೆಯ ನಂತರ ಹಿಂಡುಗಳು ಹೊಳೆಯ ಕಡೆಗೆ ಹೋಗುತ್ತವೆ. ಹೋಗುವ ದಿನ ಮುಳ್ಳಿನ ಬೇಲಿ ಎತ್ತಿ ಚೆಲ್ಲಿ, ಒಲೆಯ ಕಲ್ಲುಗಳನ್ನು ಉರುಳಿಸಿ, ಯಾರೂ ಇರಲೇ ಇಲ್ಲವೇನೋ ಎನ್ನುವಂತೆ ಮಾಡಿ ಹೋಗಬೇಕು. ಹುಲ್ಲು ಮತ್ತೆ ಬರಬೇಕಲ್ಲ, ಅದಕ್ಕೆ. ಇದು ನಮ್ಮ ಹಿರಿಯರ ಕಾಲದಿಂದ ಬಂದ ಶಿಸ್ತು. ಇದೇ ನಮ್ಮನ್ನು ಮುಳುಗಿಸುವುದಕ್ಕೆ ಬಂದಿತ್ತು.

ಒಂದು ಶಹರಕ್ಕೆ ಕುಡಿಯುವ ನೀರು ಸಾಲುತ್ತಿರಲಿಲ್ಲ. ಅದರ ಹೆಸರು ನಿಮಗೆ ಗೊತ್ತು. ಈ ಹಾಳೆಗಳಲ್ಲಿ ಅದಕ್ಕೆ ಜಾಗ ಕೊಡಲು ನನಗೆ ಮನಸ್ಸಿಲ್ಲ. ಕಾಲುವೆಯ ನೀರನ್ನು ಪಂಪಿನಿಂದ ಎತ್ತಿ ನಮ್ಮ ಕುರಣದ ತಗ್ಗಿನಲ್ಲಿ ತುಂಬಿಸಿ, ಅಲ್ಲಿಂದ ಕೊಳವೆಯಲ್ಲಿ ಆ ಶಹರಕ್ಕೆ ಒಯ್ಯುವುದು ಯೋಜನೆ. ನಮ್ಮ ನೆಲದಲ್ಲಿ ನೀರು ಬೇಡ ಎನ್ನುವವರು ಯಾರೂ ಇಲ್ಲ. ಕೆರೆ ಆದರೆ ಬಾವಿಗಳಿಗೆ ಸೆಲೆ ಬರುತ್ತದೆಂದು ಊರಲ್ಲಿ ಅನೇಕರು ಸಂತೋಷಪಟ್ಟರು. ಅದಕ್ಕೆ ನಾನು ಅವರನ್ನು ಬೈಯುವುದಿಲ್ಲ. ಆದರೆ ಕೆರೆ ಕಟ್ಟುವ ಮೊದಲು ಅದರಿಂದ ಯಾರಿಗೆ, ಯಾವುದಕ್ಕೆ ಧಕ್ಕೆಯಾಗುತ್ತದೆ ಎಂದು ಶಹರದವರು ಪರಿಶೀಲನೆ ಮಾಡಬೇಕಿತ್ತು. ಅದಕ್ಕಾಗಿ ಒಬ್ಬ ಅಧಿಕಾರಿಯನ್ನು ಕಳಿಸಿದರು.

ಅವನು ಬಂದದ್ದು ಮಾಘದಲ್ಲಿ. ಹಿಂಡುಗಳೆಲ್ಲ ಹೊಳೆಯ ಕಡೆ ಇದ್ದವು. ಕುರಣ ಬೋಳಾಗಿತ್ತು. ಬೇಲಿಯಿಲ್ಲ, ಒಲೆಯಿಲ್ಲ. ನಮ್ಮ ಅಂಗಳದಲ್ಲಿ ನಡೆಯಲಾರದ ಕೆಲವು ಮುದಿ ಕುರಿಗಳು ಮಾತ್ರ ಇದ್ದವು. ಇಸ್ತ್ರಿಯ ಅಂಗಿ ಹಾಕಿದ್ದ, ನಯವಾಗಿ ಮಾತಾಡುವ ಮನುಷ್ಯ. ನಮ್ಮ ಹೊರಸಿನ ಮೇಲೆ ಕೂತು ಚಹಾ ಕುಡಿದ. ಆಮೇಲೆ ಹಾಳೆ ತೆಗೆದು ಕೇಳಿದ: “ಆಜಿ, ಮೆಂಢ್ಯಾ ಕಿತಿ?” ಅಜ್ಜಿ, ಕುರಿ ಎಷ್ಟು ಎಂದು.

ಅಕ್ಕ ಸೆರಗು ಸರಿಮಾಡಿಕೊಂಡು ಹೇಳಿದಳು. “ಏನ ಹೇಳ್ಲಿರಿ ಸಾಯೇಬ್ರ. ನಾಕ ಕುರಿ ಅದಾವ. ಅವೂ ಇಂದೋ ನಾಳಿಯೋ ಅನ್ನಂಗ ಅದಾವ.”

ನಮ್ಮ ಮಾತು ಅಷ್ಟಿಷ್ಟು ತಿಳಿಯುತ್ತಿದ್ದ ಅವನು ಬರೆದುಕೊಂಡ. ಅಕ್ಕನ ಹೆಬ್ಬೆಟ್ಟು ಒತ್ತಿಸಿದ. ಮನೆಯಲ್ಲಿ ಓದಿದವರು ಯಾರು, ಸಾಕ್ಷಿಗೆ ಸಹಿ ಬೇಕು ಎಂದ. ಸೊರಡಿಯ ತವರುಮನೆಯಲ್ಲಿದ್ದಾಗ ನಾನು ಏಳನೇ ಇಯತ್ತೆಯವರೆಗೆ ಸಾಲಿ ಕಲಿತವಳು, ಮರಾಠಿಯೂ ಓದಬಲ್ಲೆ. ಹಾಳೆಯ ಮೇಲೆ ಅವನು ಬರೆದದ್ದು ನನಗೆ ಕಾಣುತ್ತಿತ್ತು. ನಾಲ್ಕು ಎಂದರೆ ಅವನು ನಿಜವಾಗಿಯೂ ನಾಲ್ಕು ಎಂದೇ ಬರೆದಿದ್ದ. ಅದು ಹಾಗಲ್ಲ ಎಂದು ಹೇಳಬೇಕಿತ್ತು. ಆದರೆ ಎದುರಿಗೆ ಪರಗಂಡಸು, ನೆಗೆಣ್ಣಿ ಆಡಿದ ಮಾತನ್ನು ಅವನ ಮುಂದೆ ಹೇಗೆ ತಿದ್ದಲಿ, ಹಿಂಡಿನ ಲೆಕ್ಕ ಬಾಯಿಬಿಟ್ಟು ಹೇಗೆ ಹೇಳಲಿ. ಸಹಿ ಮಾಡಿಬಿಟ್ಟೆ. ಇಲ್ಲಿ ಸಹಿ ಮಾಡು ಎಂದವರಿಗೆ ಇಲ್ಲ ಎಂದು ಹೇಳಿ ನನಗೆ ಅಭ್ಯಾಸವಿರಲಿಲ್ಲ.

ಮುಂದೆ ಬೇಸಿಗೆಯಲ್ಲಿ ಅದೇ ಅಧಿಕಾರಿ ಊರ ಚಾವಡಿಗೆ ಬಂದು ವರದಿಯ ಸಾರವನ್ನು ಓದಿ ಹೇಳಿದ. ಮುಳುಗುವ ಜಾಗ ಪಡೀಕ, ಅಂದರೆ ಬೀಳುಭೂಮಿ. ಮನುಷ್ಯರ ವಾಸದ ಗುರುತು ಇಲ್ಲ. ಮೇಯುವ ಜಾನುವಾರು ನಾಲ್ಕು ಕುರಿ. ಪರಿಣಾಮ ಲೆಕ್ಕಕ್ಕಿಲ್ಲದಷ್ಟು. ಹೀಗೆ ಓದಿ, ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕನ ಕಡೆ ನೋಡಿ ನಕ್ಕ. ಆಜಿಯ ನಾಲ್ಕು ಕುರಿಗಳಿಗೆ ನಮ್ಮ ಶಹರದ ಬಗೀಚೆಯಲ್ಲಿ ಜಾಗ ಮಾಡಿಕೊಡೋಣ, ಚೆನ್ನಾಗಿ ಹುಲ್ಲು ಹಾಕೋಣ ಎಂದ. ಚಾವಡಿಯೆಲ್ಲ ನಕ್ಕಿತು. ಅಕ್ಕನ ಹಿಂಡನ್ನು ಕಣ್ಣಾರೆ ಕಂಡವರೂ ನಕ್ಕರು. ಮರುದಿನ ಕಿರಾಣಿ ಅಂಗಡಿಯವನು ಅಕ್ಕನಿಗೆ ಬೆಲ್ಲ ತೂಗುತ್ತ ಬೇರೆ ಗಿರಾಕಿಗಳಿಗೆ ಕೇಳಿಸುವಂತೆ, “ನಾಕ ಕುರಿ ಆಯಿಗೆ ಪಾವಕಿಲೋ ಸಾಕಲ್ಲ?” ಎಂದ. ಆ ಹೆಸರು ಮಳೆಗಾಲದವರೆಗೂ ಅವಳ ಬೆನ್ನಿಗಿತ್ತು.

ಚಾವಡಿಯಿಂದ ಮನೆಗೆ ಬರುವ ದಾರಿಯಲ್ಲಿ ನಾನು ಬೈಗುಳಕ್ಕಾಗಿ ಕಾಯುತ್ತಿದ್ದೆ. ಅವಳು ನನ್ನ ಸಹಿಯ ಮಾತನ್ನು ಎತ್ತಲೇ ಇಲ್ಲ.

“ನಾ ಸುಳ್ಳ ಹೇಳಿದ್ದಲ್ಲ ಸಣ್ಣಾಕಿ. ಹಿಂಡಿನ ಮ್ಯಾಲ ಕಣ್ಣ ಬೀಳಬಾರದಂತ ಹೇಳಿದ್ದು. ಅದನ್ನ ಹಗ್ಗಾ ಮಾಡಿ ನಮ್ಮ ಕೊಳ್ಳಾಗ ಹಾಕ್ಯಾನ.” ಸ್ವಲ್ಪ ದೂರ ನಡೆದು ಮತ್ತೆ ಅಂದಳು: “ಅವನ ಬಾಯಿಲೇ ಎಣಿಸಸ್ತೀನಿ. ನಕ್ಕ ಬಾಯಿಲೇ.”

ಆಕ್ಷೇಪ ಇದ್ದವರು ಹೇಳಬಹುದು ಎಂದು ಶಹರದಲ್ಲಿ ಜನಸುನಾವಣಿ, ಅಂದರೆ ಜನರ ಅಹವಾಲು ಕೇಳುವ ಸಭೆ, ಇಟ್ಟರು. ಮುಳುಗುವುದು ನಮ್ಮ ನೆಲ, ಸುನಾವಣಿ ಅವರ ಸಭಾಗೃಹದಲ್ಲಿ. ನಾವಿಬ್ಬರೂ ಎಸ್‌ಟಿ ಬಸ್ಸು ಹತ್ತಿ ಹೋದೆವು. ಬಾಗಿಲಲ್ಲಿ ಕಾವಲುಗಾರ ಕಂಬಳಿ ಹೊರಗಿಡು ಎಂದ. “ನಿಮ್ಮ ಖುರ್ಚಿ ನಿಮಗಿರಲಿ, ನಾ ಇದರ ಮ್ಯಾಲ ಕುಂದ್ರಾಕಿ” ಎಂದು ಅಕ್ಕ ಅವನನ್ನು ದಾಟಿ ಒಳಗೆ ಹೋಗಿ, ವೇದಿಕೆಯ ಮುಂದೆಯೇ ನೆಲಕ್ಕೆ ಕಂಬಳಿ ಹಾಸಿದಳು. ಮೇಲೆ ಜಿಲ್ಲೆಯಿಂದ ಬಂದಿದ್ದ ಮೇಡಮ್ ಅಧ್ಯಕ್ಷರಾಗಿ ಕೂತಿದ್ದರು. ಪಕ್ಕದಲ್ಲಿ ನಮ್ಮ ಅಧಿಕಾರಿ.

ಅಕ್ಕ ತನ್ನ ಸರದಿ ಬಂದಾಗ ಎದ್ದು, ಈ ಕಾಗದ ಸುಳ್ಳು ಎಂದಳು. ಅಧಿಕಾರಿ ಸಿಟ್ಟಾಗಲಿಲ್ಲ. ಹಾಳೆ ತೆಗೆದು ಮೇಡಮ್ ಅವರಿಗೆ ತೋರಿಸಿದ. ಇದು ಈ ಆಜಿಯದೇ ಹೆಬ್ಬೆಟ್ಟು, ಕೆಳಗೆ ಓದುಬರಹ ಬಲ್ಲವರ ಸಹಿಯೂ ಇದೆ ಎಂದ. ಮೇಡಮ್ ಮರಾಠಿಯಲ್ಲಿ ಕೇಳಿದರು. ಈ ಸಹಿ ಯಾರದು?

“ಯಾರದೋ ಏನೋ ನನಗ ಗೊತ್ತಿಲ್ರಿ” ಎಂದಳು ಅಕ್ಕ. “ಹಾದ್ಯಾಗ ಹೋಗಾವ್ರು ಯಾರೋ ಮಾಡಿರಬೇಕ್ರಿ.”

ಅಷ್ಟು ಜನರ ಮುಂದೆ, ಹಗೆಯವನ ಮುಂದೆ, ನನ್ನನ್ನು ಉಳಿಸಲು ಅವಳು ಸುಳ್ಳು ಹೇಳಿದಳು. ಅಧಿಕಾರಿಯ ಮುಖದಲ್ಲಿ ಮತ್ತೆ ಆ ಚಾವಡಿಯ ನಗೆ ಬಂತು. ಆಜಿ ಆಗಲೂ ಸುಳ್ಳು, ಈಗಲೂ ಸುಳ್ಳು ಎಂದ. ಆ ನಗೆಯನ್ನು ನೋಡಿಯೇ ನಾನು ಎದ್ದೆ. ಅದಕ್ಕಿಂತ ಮೊದಲು ನಾನು ಹತ್ತು ಜನರ ನಡುವೆ ಬಾಯಿ ತೆರೆದವಳಲ್ಲ. ಮರಾಠಿ ತಡವರಿಸುತ್ತಿತ್ತು. ಸಹಿ ನನ್ನದು ಎಂದೆ. ಬರೆದದ್ದು ತಪ್ಪೆಂದು ಗೊತ್ತಿದ್ದೂ ಮಾಡಿದೆ, ತಪ್ಪು ನನ್ನದು, ನಮ್ಮಕ್ಕನದಲ್ಲ ಎಂದೆ. ನಿಮ್ಮ ಮನೆಯ ಮಗು ಮೈ ತುಂಬಿಕೊಂಡಿದೆ ಎಂದು ಯಾರಾದರೂ ಅಂದರೆ ನೀವು ತಕ್ಷಣ ‘ಎಲ್ಲಿ, ಉಣ್ಣೋದೇ ಇಲ್ಲ’ ಎನ್ನುವುದಿಲ್ಲವೇ, ನಮ್ಮಲ್ಲಿ ಕುರಿಗಳಿಗೂ ಹಾಗೆಯೇ ಅನ್ನುತ್ತೇವೆ ಎಂದೆ. ಇವರು ಚಹಾ ಕುಡಿದು ಎದ್ದು ಹೋದರು, ಮಳೆಗಾಲದಲ್ಲಿ ಒಮ್ಮೆ ಬಂದು ನೋಡಲಿಲ್ಲ ಎಂದೆ.

ಹಾಗಾದರೆ ನಿಜವಾಗಿ ಎಷ್ಟಿವೆ ಎಂದು ಮೇಡಮ್ ಕೇಳಿದರು. ನಾನು ಅಕ್ಕನ ಕಡೆ ತಿರುಗಿದೆ.

“ನಾವು ಹೇಳಾಂಗಿಲ್ರಿ” ಎಂದಳು ಅಕ್ಕ. “ಮಳಿ ಆದಮ್ಯಾಲ ಬಂದ ಎಣಸ್ರಿ. ಇವರೇ ಎಣಸಬೇಕು. ಬ್ಯಾರೆ ಯಾರನೂ ಕಳಸಬ್ಯಾಡ್ರಿ.”

ನಾನು ಅದನ್ನು ಮರಾಠಿಯಲ್ಲಿ ಹೇಳಿದೆ, ಮೇಡಮ್ ಹಾಗೆಯೇ ಬರೆಸಿದರು. ಹೊರಗೆ ಬಂದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. “ಇಷ್ಟ ಮಾತು ಹೊಟ್ಯಾಗ ಇಟ್ಕೊಂಡು ಇಷ್ಟ ವರ್ಷ ನನ್ನ ಮುಂದ ಮೂಕಿ ಹಂಗ ಇದ್ದೆಲ್ಲ” ಎಂದಳು. ಸಹಿಯ ಬಗ್ಗೆ ಅವಳು ಆಡಿದ್ದು ಅಷ್ಟೆ.

ಎಣಿಕೆಗೆ ಒಪ್ಪಿಬಂದೆವು, ಆದರೆ ನಮ್ಮವರು ಒಪ್ಪಬೇಕಲ್ಲ. ಮಳೆ ಬಿದ್ದು ಹಿಂಡುಗಳು ಮರಳಿದ ಮೇಲೆ ಕುರಿಗಾರರೆಲ್ಲ ಕುರಣದಲ್ಲಿ ಸೇರಿದರು. ಅಧಿಕಾರಿಯೂ ಬಂದಿದ್ದ, ಜೊತೆಗೆ ಬರೆದುಕೊಳ್ಳುವವನೊಬ್ಬ. ಅಸಂಗಿ ಕಡೆಯ ಹಿರಿಯ ಕುರಿಗಾರ ತನ್ನ ಹಿಂಡನ್ನು ಗುಡ್ಡದ ಆಚೆಗೆ ತಿರುಗಿಸಿ ನಿಂತುಬಿಟ್ಟ.

“ಎಣಿಸಿದ ಹಿಂಡು ಉಳಿಯಂಗಿಲ್ಲ ಯಕ್ಕಾ. ಕೆರಿ ಮುಳುಗಿಸಿದ್ರ ನೆಲ ಹೋದೀತು. ಇದರಾಗ ಕುರಿನೇ ಹೋಗ್ತಾವ.”

“ನೆಲ ಹ್ವಾದ ಮ್ಯಾಲ ಕುರಿ ಎಲ್ಲಿ ಮೇಯ್ತಾವೋ ಮಾರಾಯಾ, ನಿನ್ನ ತಲಿ ಮ್ಯಾಲೇನು?” ಎಂದಳು ಅಕ್ಕ. ಯಾರೂ ನಗಲಿಲ್ಲ. ಅವಳೂ ಹೆದರಿದ್ದಳು. ನನಗೆ ಗೊತ್ತು, ಬೆಳಿಗ್ಗೆಯಿಂದ ಬಾಯಿಗೆ ಒಂದು ತುತ್ತು ಹಾಕಿರಲಿಲ್ಲ. “ಮೊದಲ ನನ್ನವು ಹೋಗಲಿ” ಎಂದಳು. “ಏನರೆ ಬರೂದಿದ್ರ ನನ್ನ ಹಿಂಡಿಗೇ ಬರಲಿ. ಆಮ್ಯಾಲ ನಿಮ್ಮವು.”

ಹೊಲದ ಒಡ್ಡಿನಲ್ಲಿ ಕಲ್ಲುಗಳ ನಡುವೆ ಒಂದೇ ಕುರಿ ಹೋಗುವಷ್ಟು ಸಂದಿಯಿದೆ. ಅಧಿಕಾರಿಯನ್ನು ಅಲ್ಲಿ ನಿಲ್ಲಿಸಿದಳು. ತನ್ನ ಹಿಂಡನ್ನು ಕೂಗಿ ಬಿಟ್ಟಳು. ಅವನು ಬೆರಳು ಚಾಚಿ ಗಟ್ಟಿಯಾಗಿ ಎಣಿಸತೊಡಗಿದ. ಬಹಳ ಹೊತ್ತಿನ ಮೇಲೆ, ಇನ್ನೇನು ಮುಗಿಯಿತು ಎನ್ನುವಾಗ, ಅಕ್ಕ ನಾಲಿಗೆಯಿಂದ ಟುರ್ರ್ ಎಂದು ಒಂದು ಸದ್ದು ಮಾಡಿದಳು. ಕುರಿಗಳು ಒಂದರ ಮೇಲೊಂದು ಹಾರಿ ಮುದ್ದೆಯಾಗಿ ನುಗ್ಗಿದವು. ಅವನ ಲೆಕ್ಕ ತಪ್ಪಿತು.

“ಮತ್ತ ಮೊದಲಿಂದ ಎಣಸ್ರಿ ಸಾಯೇಬ್ರ. ನಾಕರ ಆಚಿ ಹ್ವಾದ್ರ ನಿಮಗ ಎಣಿಕಿ ಬರಂಗಿಲ್ಲ ಕಾಣತೈತಿ.”

ಈ ಸಲ ಎಲ್ಲರೂ ನಕ್ಕರು. ಅಸಂಗಿಯ ಹಿರಿಯನೂ ನಕ್ಕ. ನೋಡಲು ಬಂದಿದ್ದ ಕಿರಾಣಿ ಅಂಗಡಿಯವನು ನಗಬೇಕೋ ಬೇಡವೋ ತಿಳಿಯದೆ ನೆಲ ನೋಡುತ್ತಿದ್ದ. ಅಕ್ಕ ಮೂರು ಸಲ ಹಾಗೆ ಮಾಡಿದಳು. ಮೋಡ ಚದುರಿ ಬಿಸಿಲು ಏರಿತು. ಅಧಿಕಾರಿಯ ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತು. ಬೂಟು ಹಿಕ್ಕೆಯಲ್ಲಿ ಹೂತವು. ಅವನ ಬಾಟಲಿ ಖಾಲಿಯಾಗಿತ್ತು. ನೀರಿನ ಕೊಡ ನನ್ನ ಪಕ್ಕದಲ್ಲಿತ್ತು. ಅವನು ನನ್ನ ಹತ್ತಿರ ಬಂದು ಕೈ ಬೊಗಸೆ ಮಾಡಿ ನೀರು ಕೇಳಿದ.

ನಮ್ಮ ಸೀಮೆಯಲ್ಲಿ ಹಗೆಯವನಿಗೂ ನೀರು ಇಲ್ಲ ಎನ್ನುವುದಿಲ್ಲ. ನಾನು ಹುಟ್ಟಿದಾಗಿನಿಂದ ಯಾರಿಗೂ ಅಂದವಳಲ್ಲ. ಅಂದು ಅಂದೆ. “ಎಣಿಕಿ ಮುಗೀಲ್ರಿ” ಎಂದೆ, ಕೊಡದ ಬಾಯಿಗೆ ಅಂಗೈ ಮುಚ್ಚಿ. ಅವನು ಸಂದಿಗೆ ಮರಳಿದ. ಇದನ್ನು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ, ಪಶ್ಚಾತ್ತಾಪ ಪಟ್ಟು ಅಲ್ಲ. ಆ ದಿನವನ್ನು ನೆನೆದರೆ ಇವತ್ತಿಗೂ ನನಗೆ ಊಟ ಚೆನ್ನಾಗಿ ಸೇರುತ್ತದೆ.

ನಾಲ್ಕನೇ ಸಲ ಅಕ್ಕ ಸುಮ್ಮನಿದ್ದಳು. ಅವನು ಎಣಿಸಿ ಮುಗಿಸಿ, ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿದ. ಆ ಸಂಖ್ಯೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವನ ವರದಿಯಲ್ಲಿದೆ. ಅಕ್ಕನ ಹಿಂಡಿನ ಹಿಂದೆ ಉಳಿದ ಹಿಂಡುಗಳೂ ಬಂದವು. ಎಲ್ಲ ಮುಗಿಯುವ ಹೊತ್ತಿಗೆ ಹೊತ್ತು ಇಳಿದಿತ್ತು, ಬರೆಯುವವನ ಹಾಳೆಗಳು ಮುಗಿದಿದ್ದವು. ಆಗ ನೀರು ಕೊಟ್ಟೆ.

ಆ ಮಳೆಗಾಲ ಹಿಂಡುಗಳಿಗೆ ಬಾಯಿ ಊದುವ ರೋಗ ಬಂತು. ಅಕ್ಕನ ಹಿಂಡಿಗೇ ಮೊದಲು ಬಂತು. ನಾಲಿಗೆ ಕಪ್ಪಾಗಿ, ಮೇವು ಬಿಟ್ಟು, ದಿನಕ್ಕೆ ಎರಡು ಮೂರು ಬೀಳುತ್ತಿದ್ದವು. ಎಣಿಸದ ಹಿಂಡುಗಳಲ್ಲೂ ಇದು ಇದೆ, ಕಚ್ಚುವ ನೊಣದಿಂದ ಬರುವ ರೋಗ ಎಂದು ಪಶುವೈದ್ಯರು ಹೇಳಿದರು. ನಮ್ಮವರು ಕೇಳಿಸಿಕೊಂಡು ತಲೆ ಆಡಿಸಿದರು. ಆಮೇಲೆ ಎಣಿಸಿದ್ದಕ್ಕೇ ಬಂತು ಎಂದು ಆಡಿಕೊಂಡರು. ಕಿವಿ ಹರಕಿಯನ್ನು ಹುಗಿದು ಬಂದ ದಿನ ನಾನು ಅಕ್ಕನನ್ನು ಕೇಳಿದೆ.

“ಯಕ್ಕಾ, ಎಣಸಬಾರದಿತ್ತೇನ?”

ಕೈಯ ಮಣ್ಣು ಒರೆಸಿಕೊಳ್ಳುತ್ತ ಅಂದಳು: “ಎಣಸದಿದ್ರ ಎಲ್ಲಾರ್ವೂ ಹೋಗ್ತಿದ್ವು. ಈಗ ನನ್ನವು ಹೋದುವು.” ಕಣ್ಣಲ್ಲಿ ನೀರು ಇರಲಿಲ್ಲ. “ಒಂದೊಂದೂ ಆ ಸಾಯೇಬನ ಹೆಸರಿನ್ಯಾಗ ಹುಗದೀನಿ. ಇರಲಿ ಅವನ ತಲಿ ಮ್ಯಾಲ.”

ಅವನ ತಲೆಯ ಮೇಲೆ ಏನಾದರೂ ಬಿತ್ತೋ ಇಲ್ಲವೋ ತಿಳಿಯದು. ಬೇರೆ ಹುದ್ದೆಗೆ ಹೋದ ಎಂದು ಕೇಳಿದೆ. ಚಾವಡಿಗೆ ಬಂದು ಅಕ್ಕನ ಕ್ಷಮೆ ಕೇಳಲಿಲ್ಲ. ನಾನೂ ಅವನನ್ನು ಕ್ಷಮಿಸಿಲ್ಲ. ಅಕ್ಕನ ಹಿಂಡು ಮತ್ತೆ ಮೊದಲಿನಂತೆ ತುಂಬಲೇ ಇಲ್ಲ.

ಹೊಸ ವರದಿ ಬಂದಾಗ ಅದನ್ನು ಅವಳಿಗೆ ಓದಿ ಹೇಳಿದವಳು ನಾನೇ. ಕುರಣದ ಜಾಗ ಮಳೆಗಾಲದ ಮೇವಿನ ನೆಲ, ಹಲವು ಊರುಗಳ ಹಿಂಡುಗಳು ಇದನ್ನೇ ನಂಬಿವೆ, ಆದ್ದರಿಂದ ಸದ್ಯಕ್ಕೆ ಈ ಜಾಗ ಕೈಬಿಟ್ಟು ಬೇರೆ ಕಡೆ ನೋಡತಕ್ಕದ್ದು ಎಂದು ಬರೆದಿತ್ತು. ಎಣಿಕೆಯ ಸಾಲನ್ನು ಎರಡು ಸಲ ಓದಿಸಿದಳು.

“ಕೆಳಗ ಅವನ ಸಹಿ ಐತೇನು?”

“ಐತಿ ಯಕ್ಕಾ.”

“ಆ ‘ಸದ್ಯಕ್ಕೆ’ ಅನ್ನೂ ಮಾತು ಯಾಕ ಹಾಕ್ಯಾರ?”

ಮರುದಿನ ಅಕ್ಕ ನನ್ನನ್ನು ಕರೆದುಕೊಂಡು ಕುರಣಕ್ಕೆ ಹೋಗಿ, ತಗ್ಗಿನ ನಡುಮಧ್ಯೆ, ನೀರು ತುಂಬಿದರೆ ಎಲ್ಲಕ್ಕಿಂತ ಆಳ ಆಗುವ ಜಾಗದಲ್ಲಿ ಕೋಲು ಊರಿದಳು. “ನನ್ನ ಇಲ್ಲೇ ಮಣ್ಣ ಮಾಡ್ರಿ” ಎಂದಳು. “ಮುಳುಗಸೂದಿದ್ರ ಮೊದಲ ನನ್ನ ತಗೀಲಿ. ಎಲುವು ಎಷ್ಟ ಅದಾವಂತ ಅವನ್ನೂ ಎಣಸ್ಲಿ.”

ಕಳೆದ ಚಳಿಗಾಲದಲ್ಲಿ ಎರಡು ದಿನ ಜ್ವರ ಬಂದು ಹೋದಳು. ಹಿಂಡಿನ ಜೊತೆ ಹೊಳೆಯ ಕಡೆ ಇದ್ದ ಅವಳ ಮಗ, ನಿಮ್ಮ ದೊಡ್ಡಪ್ಪ, ಓಡಿ ಬಂದ. ನಮ್ಮವರು ಸಾಮಾನ್ಯವಾಗಿ ಹೊಲದ ಬದುವಿನಲ್ಲಿ ಮಣ್ಣು ಮಾಡುತ್ತಾರೆ. ಕುರಣದಲ್ಲಿ ಬೇಡ ಎಂದು ಕೆಲವರು ಅಂದರು. ನಾನು ಎರಡನೇ ಸಲ ಹತ್ತು ಜನರ ಮುಂದೆ ಬಾಯಿ ತೆರೆದೆ. ಅವಳು ಕೋಲು ಊರಿದ ಜಾಗದಲ್ಲೇ ಮಲಗಿಸಿದೆವು. ಮೇಲೆ ದೊಡ್ಡ ಕಲ್ಲು ನಿಲ್ಲಿಸಿದ್ದೇವೆ. ಆ ಕಲ್ಲನ್ನು ಯಾವ ದಸರೆಗೂ ಉರುಳಿಸಬಾರದು ಎಂದು ಕುರಿಗಾರರೆಲ್ಲ ಒಪ್ಪಿದ್ದಾರೆ.

ಮಕ್ಕಳೇ, ‘ಸದ್ಯಕ್ಕೆ’ ಎಂಬುದು ಯಾವಾಗ ಮುಗಿಯುತ್ತದೋ ಹೇಳಲಾಗದು. ನನ್ನ ಬಾಯಿ ತೆರೆಸಿದವಳು ಅವಳು. ಆ ಋಣ ನಾನು ತೀರಿಸಲಾರೆ, ಬರೆದಿಡಬಲ್ಲೆ ಅಷ್ಟೆ. ಯಾರ ಹಿಂಡು ಎಲ್ಲಿ ಹಟ್ಟಿ ಹಾಕುತ್ತದೆ, ಯಾವ ಮಳೆಗೆ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದನ್ನೆಲ್ಲ ಮುಂದಿನ ಮೂರು ಹಾಳೆಗಳಲ್ಲಿ ಬರೆದಿದ್ದೇನೆ. ಈ ಹಾಳೆಗಳನ್ನು ನನ್ನ ಸೀರೆಗಳ ಟ್ರಂಕಿನಲ್ಲಿ ಇಡಬೇಡಿ. ಹೊಲದ ಉತಾರೆ, ಹಕ್ಕಿನ ಕಾಗದ, ಇಟ್ಟಿರುವ ಪೆಟ್ಟಿಗೆಯಲ್ಲಿ, ಅದೇ ಗಂಟಿನಲ್ಲಿ ಕಟ್ಟಿ ಇಡಿ, ಗೆದ್ದಲು ಹಿಡಿಯದಂತೆ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ. ಶಹರದವರು ಮತ್ತೆ ಬಂದಾಗ ತೆಗೆದು ಅವರ ಮುಂದೆ ಓದಿ. ಓದುವಾಗ ದನಿ ಇಳಿಸಬೇಡಿ.